ಸೀಟಿ ನಿಂತ ದಿನ

ಮಿಸ್ತ್ರಿಯ ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯ ತುಂಬ ಹಲ್ಲಿನ ಗುರುತುಗಳಿದ್ದವು. ಬೇರೆ ಮೆಕ್ಯಾನಿಕ್ಕರು ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಸದ್ದು ಕೇಳುತ್ತಾರೆ. ಇವರು ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಿಳಿ ಗಡ್ಡದ ಮನುಷ್ಯ ಕಾರನ್ನೇ ಕಚ್ಚಿಕೊಂಡು ನಿಂತ ಹಾಗೆ ಕಾಣುತ್ತಿತ್ತು. ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಯ ಅಂಗಳದಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ಸವಣೂರಿನ ನಮ್ಮ ಓಣಿಯಲ್ಲಿ ಅಂಥ ಕಾರು ಇದ್ದದ್ದು ನಮ್ಮದೊಂದೇ. ನಾಲ್ಕೂ ಗಾಲಿಗೆ ಎಳೆತ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಒಂದಲ್ಲ, ಎರಡು. ಮಳೆಗಾಲದಲ್ಲಿ ಎರೆಹೊಲದ ದಾರಿಗೆ ಇದೇ ಬೇಕೆಂದು ಯಜಮಾನರು ಹಟ ಹಿಡಿದು ಹಳೆಯದೊಂದನ್ನು ತಂದಿದ್ದರು. ಅವರು ತೀರಿಕೊಂಡು ವರ್ಷ ತುಂಬುವುದರೊಳಗೆ ಅದು ಹೊಗೆ ಉಗುಳುತ್ತಾ ಸಣ್ಣಗೆ ಸೀಟಿ ಊದತೊಡಗಿತು. ಟರ್ಬೊ ಎರಡೂ ಹೋಗಿವೆ, ಗುಜರಿಗೆ ಹಾಕಿರಿ ಎಂದರು ಮೈದುನರು. ನನಗೆ ಮನಸ್ಸಾಗಲಿಲ್ಲ. ಬಂಕಾಪುರದ ಮಿಸ್ತ್ರಿಯೊಬ್ಬರು ಮನೆಗೇ ಬಂದು ಹೊಸ ಟರ್ಬೊ ಕೂಡಿಸಿಕೊಡುತ್ತಾರೆ ಎಂದು ಯಾರೋ ಹೇಳಿದರು.

ಮನೆಗೇ ಏಕೆ ಬರುತ್ತಾರೆಂಬುದು ಮೂರನೆಯ ದಿನ ತಿಳಿಯಿತು. ಅವರ ಬೆನ್ನ ಹಿಂದೆಯೇ ನನ್ನ ಕೈಯಿಂದ ಹಿತ್ತಾಳೆಯ ಕೊಡ ಜಾರಿ ಬಿತ್ತು. ಓಣಿಯವರು ಇಣುಕಿದರು, ಅವರು ಮಾತ್ರ ತಿರುಗಲಿಲ್ಲ. ಎದುರಿಗೆ ಹೋಗಿ ನಿಂತೆ. ನನ್ನ ಮುಖ ನೋಡಿ ಅವರೇ ಹೇಳಿದರು.

"ಕಿವಿ ಹೋಗ್ಯಾವ್ರಿ ಅಕ್ಕಾರ. ಎದುರಿಗೆ ನಿಂತು ಜೋರ್ ಮಾತಾಡಿದ್ರ ತಿಳೀತೈತಿ. ಗ್ಯಾರೇಜಿನ್ಯಾಗ ಕಿವುಡಗ ಯಾರ್ ಗಾಡಿ ಬಿಡ್ತಾರ? ಕೈ ಅದಾವ, ಅಷ್ಟ ಸಾಕು."

ನಾನು ಶಾಲೆಯಲ್ಲಿ ಕಲಿಸುವುದು ಬಿಟ್ಟು ವರ್ಷಗಳಾಗಿದ್ದರೂ ಊರಿಗೆಲ್ಲ ಇನ್ನೂ ಅಕ್ಕಾರೇ. ಯಾರಿಗೂ ಹೇಳುವುದಿಲ್ಲ ಎಂದು ಕೈಸನ್ನೆ ಮಾಡಿದೆ.

ಆ ಕೈಗಳು ನಿಜಕ್ಕೂ ದೊಡ್ಡವು. ಮುಂದಿನ ಗಾಲಿಯ ಶಾಫ್ಟ್ ಬಿಚ್ಚದೆ ಟರ್ಬೊ ಎಟುಕದು ಎಂದು ಮೊದಲು ಕಾರಿನಡಿ ಮಲಗಿ ಅದನ್ನು ಇಳಿಸಿದರು. ಬಿಚ್ಚಿದ ಪ್ರತಿ ಪೈಪಿನ ಬಾಯಿಗೂ ಹಳೆಯ ಲುಂಗಿಯ ಚೂರು ತುರುಕಿ, ಎಷ್ಟು ಚೂರೆಂದು ಗಟ್ಟಿಯಾಗಿ ಎಣಿಸುತ್ತಿದ್ದರು. ಅವರ ಎಣಿಕೆ ಅಡಿಗೆಮನೆಗೆ ಕೇಳುತ್ತಿತ್ತು. ಕುರ್ಚಿ ಹಾಕಿದರೂ ಕೂರುತ್ತಿರಲಿಲ್ಲ, ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು ಬಶಿಗೆ ಸುರಿದುಕೊಂಡು ಚಹಾ ಕುಡಿಯುತ್ತಾ ನನಗೆ ಪಾಠ ಹೇಳುತ್ತಿದ್ದರು: "ಊರಿಂದ ಬಂದ ಕೂಡ್ಲೆ ಗಾಡಿ ಬಂದ್ ಮಾಡಬ್ಯಾಡ್ರಿ. ಅದೂ ಓಡಿ ಬಂದಿರತೈತಿ, ಒಂದೀಟು ದಮ್ ತಗೊಳ್ಳಿ." ಎಷ್ಟೋ ತಿಂಗಳಿಂದ ಒಬ್ಬಳಿಗೇ ಚಹಾ ಕಾಸುತ್ತಿದ್ದವಳು ಆಗ ದಿನಕ್ಕೆ ಎರಡು ಸಲ ಇಬ್ಬರಿಗೆ ಕಾಸುತ್ತಿದ್ದೆ.

ಹನ್ನೊಂದನೆಯ ದಿನ ಹೊಸ ಟರ್ಬೊಗಳಿಗೆ ಎಣ್ಣೆ ಹನಿಸಿ ಕಾರು ಚಾಲೂ ಮಾಡಿದರು. ಹಿಡಿ ಕಚ್ಚಿ ನಿಂತರು. ಎಂಜಿನ್ನಿನ ಗುಡುಗು ಹಲ್ಲಿಗೆ ತಿಳಿಯುತ್ತದೆ, ಸಣ್ಣ ಸೀಟಿ ತಿಳಿಯುವುದಿಲ್ಲ. ನನ್ನ ಕಡೆ ತಿರುಗಿದರು.

"ಸೀಟಿ ನಿಂತೈತೇನ್ರಿ ಅಕ್ಕಾರ?"

ನಿಂತಿತ್ತು. ಎಂಜಿನ್ ಹದವಾಗಿ ಓಡುತ್ತಿತ್ತು. ಹೌದೆಂದರೆ ಅವರು ಸಾಮಾನು ಕಟ್ಟಿಕೊಂಡು ಬಸ್ಸಿಗೆ ನಡೆಯುತ್ತಾರೆ, ನಾಳೆಯಿಂದ ಅಂಗಳದಲ್ಲಿ ಯಾರೂ ಇರುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದವಳು ಹೇಳಿದೆ: "ಇನ್ನೂ ಸಣ್ಣಗ ಬರಾಕತ್ತೈತ್ರಿ."

ಅವರು ಮತ್ತೆ ಎಲ್ಲ ಬಿಚ್ಚಿದರು. ಮೂರು ದಿನ ಪೈಪು, ಅದನ್ನು ಬಿಗಿಯುವ ಪಟ್ಟಿ ಒಂದೊಂದನ್ನೂ ಬೆರಳಿನಿಂದ ತಡವಿ ನೋಡಿದರು. ಎಣಿಕೆ ಕೇಳಿಸಲಿಲ್ಲ, ಚಹಾ ಆರಿಹೋಗುತ್ತಿತ್ತು. ನಾಲ್ಕನೆಯ ದಿನ ಮತ್ತೆ ಕೂಡಿಸಿ ಚಾಲೂ ಮಾಡಿದಾಗ, ನೋಡಲಾಗದೆ ಸೀಟಿ ಹೋಯಿತು ಎಂದೆ. ಮಿಸ್ತ್ರಿಯ ಮುಖ ಅರಳಲಿಲ್ಲ.

"ನಾ ಏನೂ ಬದಲ್ ಮಾಡಿಲ್ರಿ. ಹಂಗಾದ್ರ ಹೆಂಗ ಹೋತು?" ತಮ್ಮ ಅಂಗೈ ನೋಡಿಕೊಂಡರು. "ತಪ್ಪು ಎಲ್ಲೈತಿ ಅಂತ ಕೈಗೂ ಸಿಗಲಿಲ್ಲ ನೋಡ್ರಿ."

ಬಾಯಿ ಬಿಡಲು ಅದೇ ಸಮಯವಾಗಿತ್ತು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ಅವರು ಯಾರ ಗಾಡಿಯನ್ನೂ ಮುಟ್ಟಲಿಲ್ಲವೆಂದು ಕೇಳಿ, ನಿಜ ಹೇಳಿಬಿಡಬೇಕೆಂದು ಬಂಕಾಪುರಕ್ಕೆ ಹೋದೆ. ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಬಾಗಿಲಲ್ಲಿ ಸೊಸೆ, ಪಕ್ಕದ ಕಟ್ಟೆಯಲ್ಲಿ ನಾಲ್ಕು ಜನ. ನಾನು ಹೇಳುವುದು ಅವರಿಗೆ ತಿಳಿಯಬೇಕಾದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕಿತ್ತು.

"ಗಾಡಿ ಹೆಂಗೈತ್ರಿ?" ಎಂದರು.

"ಚೊಲೋ ಐತ್ರಿ!" ಎಂದು ಕೂಗಿದೆ.

"ನಿಮ್ಮ ನಸೀಬ್ರಿ ಅದು. ನನ್ನ ಕೈದಲ್ಲ."

ಮುಂದಿನ ರಂಜಾನಿಗೆ ಮೊದಲೇ ಅವರು ತೀರಿಕೊಂಡರು. ಕಾರು ಈಗಲೂ ಓಡುತ್ತದೆ. ಕೆಲಸ ಯಾರ ಕೈಯದು ಎಂದು ಕೇಳಿದವರಿಗೆಲ್ಲ, ಹನ್ನೊಂದನೆಯ ದಿನ ಮಿಸ್ತ್ರಿ ಮೊದಲ ಸಲ ಚಾಲೂ ಮಾಡಿದಾಗಲೇ ಸೀಟಿ ನಿಂತಿತ್ತು ಎಂದು ಹೇಳುತ್ತೇನೆ. ಹೇಳಲೇಬೇಕಿದ್ದ ಒಬ್ಬರಿಗೆ ಮಾತ್ರ ಕೂಗಿ ಹೇಳಲು ನಾಚಿದೆ.