ಏಣಿಯಿಂದ ಬಿದ್ದವರ ಇಂಗ್ಲಿಷ್

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ದೇವದುರ್ಗದಲ್ಲಿ ಹತ್ತು ಮಂಚದ ಒಂದು ಖಾಸಗಿ ಆಸ್ಪತ್ರೆಯಿತ್ತು, ಈಗಿಲ್ಲ. ರಾಯಚೂರಿನಲ್ಲಿ ನರ್ಸಿಂಗ್ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಗಾಯಾಳುಗಳ ರಿಜಿಸ್ಟರನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಿಂದಿನ ಪುಟ ನೋಡಿಕೊಂಡು ಮುಂದಿನ ಪುಟ ಬರೆಯುತ್ತಿದ್ದೆ.

ಹಿಂದಿನ ಪುಟಗಳಲ್ಲಿ ಹೆಂಗಸರೆಲ್ಲ ಮಾಳಿಗೆಯ ಏಣಿಯಿಂದ ಬಿದ್ದಿದ್ದರು. ತಲೆ ಒಡೆದವಳು ಏಣಿಯಿಂದ, ದವಡೆ ಮುರಿದವಳು ಏಣಿಯಿಂದ, ಆರು ತಿಂಗಳ ಬಸಿರು ಕಳೆದುಕೊಂಡವಳೂ ಏಣಿಯಿಂದ. ಗಂಡ ಹೊಡೆದ ಅಂತ ಬರೆದರೆ ಪೊಲೀಸರು ಬರುತ್ತಾರೆ, ಡಾಕ್ಟರು ಸಾಕ್ಷಿ ಹೇಳಲು ರಾಯಚೂರಿನ ಕೋರ್ಟಿಗೆ ಅಲೆಯಬೇಕು. ಅದಕ್ಕೇ ಈ ಏಣಿ. ಮೊದಲ ವಾರ ನಾನು ನಿಜಕ್ಕೂ ಈ ಊರಿನ ಏಣಿಗಳು ಸರಿಯಿಲ್ಲ ಅಂದುಕೊಂಡಿದ್ದೆ. ಅಂಥ ಪೆದ್ದಿ ನಾನು.

ಎರಡು ವರ್ಷಕ್ಕೆ ನನ್ನ ಮದುವೆಯಾಯಿತು. ಗಂಡ ಬೇರೆ ಯಾರೂ ಅಲ್ಲ, ಅವ್ವನ ಕೊನೆಯ ತಮ್ಮ, ನನ್ನ ಸೋದರಮಾವ. ನಮ್ಮಲ್ಲಿ ಸೋದರಮಾವ ಕೇಳಿದರೆ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅವ್ವನೇ. ಮಾನ್ವಿಯಲ್ಲಿ ತಾಳಿ ಬಿತ್ತು, ಎಂಟನೆಯ ದಿನ ಮೊದಲ ಏಟು ಬಿತ್ತು. ರೊಟ್ಟಿ ಆರಿತ್ತು ಅನ್ನುವುದು ಕಾರಣ. ಆಮೇಲೆ ಕಾರಣ ಹುಡುಕುವ ಕಷ್ಟವನ್ನೂ ಅವನು ತೆಗೆದುಕೊಳ್ಳಲಿಲ್ಲ. ದೇವದುರ್ಗದಲ್ಲೇ ಮನೆ ಮಾಡಿ ಟ್ರಾಕ್ಟರ್ ಓಡಿಸುತ್ತಿದ್ದ. ಅದರ ಹಳೇ ಬೆಲ್ಟೊಂದು ಮನೆಯ ಗೂಟಕ್ಕೆ ನೇತಾಡುತ್ತಿತ್ತು. ನಾನು ಉದ್ದ ತೋಳಿನ ರವಿಕೆ ಹೊಲಿಸಿಕೊಂಡೆ.

ತವರೂರು ಬಾಗಲವಾಡಕ್ಕೆ ಹೋದಾಗ ಅವ್ವನಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಹೇಳಿದರೆ ಅವಳು ತಮ್ಮನನ್ನು ಬಿಡಬೇಕು, ಇಲ್ಲವೇ ನನ್ನನ್ನು ಬಿಡಬೇಕು. ಯಾರನ್ನು ಬಿಡುತ್ತಾಳೆಂದು ತಿಳಿಯುವ ಧೈರ್ಯ ನನಗಿರಲಿಲ್ಲ.

ಆಸ್ಪತ್ರೆಯ ದೊಡ್ಡ ಸಿಸ್ಟರ್ ಒಂದು ದಿನ ಕೈ ತೊಳೆಯುವಾಗ ನನ್ನ ತೋಳು ನೋಡಿಬಿಟ್ಟರು. ಮುಲಾಮು ಹಚ್ಚಿದರು. ಆಮೇಲೆ ಹೇಳಿದರು:

"ಪರದೇಶದ ದವಾಖಾನಿಗೆ ನರ್ಸಮ್ಮಗೋಳು ಬೇಕಾಗ್ಯಾರಂತ. ಹೈದರಾಬಾದಿನ್ಯಾಗ ಇಂಗ್ಲಿಷ್ ಪರೀಕ್ಷಾ ಇಡ್ತಾರ. ಪಾಸಾದ್ರ ಹೋಗಿ ಬದುಕ್ತಿ. ಇಲ್ಲಾಂದ್ರ ಒಂದಿನ ನಿನ್ನ ಹೆಸರನ್ನೂ ಈ ರಿಜಿಸ್ಟರಿನ್ಯಾಗ ನಾನ ಬರೀಬೇಕಾಗ್ತದ, ನೋಡವ್ವಾ."

ಓದತೊಡಗಿದೆ. ಪರೀಕ್ಷೆಯಲ್ಲಿ ಎರಡು ಭಾಗ. ಒಬ್ಬ ರೋಗಿಯ ಸ್ಥಿತಿಯನ್ನು ಒಂದು ಪುಟ ಬರೆಯಬೇಕು, ಆಮೇಲೆ ಅದೇ ರೋಗಿಯ ಬಗ್ಗೆ ಒಬ್ಬ ಡಾಕ್ಟರ ಎದುರು ಮಾತಾಡಬೇಕು. ನನಗಿದ್ದ ಪಠ್ಯಪುಸ್ತಕ ಆ ರಿಜಿಸ್ಟರ್ ಒಂದೇ. ಅದನ್ನೇ ಉರು ಹೊಡೆದೆ. ಲಸಿಕೆಯ ತರಬೇತಿ ಇದೆ ಎಂದು ಗಂಡನಿಗೆ ಸುಳ್ಳು ಹೇಳಿ ರಾಯಚೂರಿನಿಂದ ಹೈದರಾಬಾದಿನ ಬಸ್ಸು ಹತ್ತಿದೆ.

ಎದುರಿಗೆ ಕೂತ ಡಾಕ್ಟರಮ್ಮನಿಗೆ ಅರವತ್ತರ ಹತ್ತಿರ ವಯಸ್ಸು. ನಾನು ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದೆ. ಎರಡೂ ಮುಂಗೈ ಮುರಿದಿವೆ, ಬೆನ್ನಿನ ಮೇಲೆ ಅಡ್ಡಡ್ಡ ಬಾಸುಂಡೆಗಳಿವೆ, ರೋಗಿ ಏಣಿಯಿಂದ ಬಿದ್ದಿದ್ದಾಳೆ. ಅವರು ಓದಿ ನನ್ನನ್ನು ನೋಡಿದರು. ಏಣಿ ಎಷ್ಟು ಎತ್ತರವಿತ್ತು ಎಂದು ಕೇಳಿದರು. ಬೀಳುವವಳು ಎರಡೂ ಕೈ ಯಾಕೆ ಮುಖಕ್ಕೆ ಅಡ್ಡ ಹಿಡಿದಳು? ಬೆನ್ನಿನ ಮೇಲೆ ಪಟ್ಟೆ ಎಲ್ಲಿಂದ ಬಂದವು? ನಾನು ಮತ್ತೆ ಮತ್ತೆ ಏಣಿ, ಏಣಿ ಅಂದೆ. ನಿನ್ನ ಭಾಷೆ ನಡೆಯುತ್ತದೆ, ಆದರೆ ನೀನು ಈ ರೋಗಿಯನ್ನು ಕಣ್ಣೆತ್ತಿ ನೋಡಿಲ್ಲ, ಇಂಥವರ ಕೈಗೆ ರೋಗಿಯನ್ನು ಕೊಡಲಾರೆ ಎಂದು ಫೇಲು ಮಾಡಿದರು.

ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಡಾಕ್ಟರಮ್ಮನನ್ನು ಮನಸಾರೆ ಬೈದೆ. ಶಕ್ತಿನಗರ ದಾಟುವಷ್ಟರಲ್ಲಿ ಬೈಗುಳ ನನ್ನ ಕಡೆಗೇ ತಿರುಗಿತ್ತು. ನೋಡಿಲ್ಲ ಅಂದದ್ದು ಸುಳ್ಳು, ಎಲ್ಲವನ್ನೂ ನೋಡಿದ್ದೆ. ನೋಡಿಯೂ ಹಾಗೆ ಬರೆದಿದ್ದೆ.

ಮಾರನೆಯ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಗಾಯ ಹೊಲಿಯುವಾಗ ಮೆಲ್ಲಗೆ ಕೇಳುತ್ತಿದ್ದೆ, "ಯಾರು ಹೊಡದ್ರವ್ವಾ? ಎದರಿಂದ?" ಬಂದವಳ ಗಂಡ ಹೊರಗೆ ಬೀಡಿ ಸೇದುತ್ತ ನಿಂತಿರುತ್ತಿದ್ದ, ಒಳಗೆ ಇವಳು ಪಿಸುಗುಡುತ್ತಿದ್ದಳು. ಬಾರುಕೋಲು. ಕೊಡಲಿಯ ಕಾವು. ಉರಿಯುವ ಕೊಳ್ಳಿ. ಒಬ್ಬಳ ಕಿವಿಯನ್ನು ಅತ್ತೆಯೇ ಓಲೆಸಮೇತ ಹರಿದಿದ್ದಳು. ಇನ್ನೊಬ್ಬಳನ್ನು ಕೂದಲು ಹಿಡಿದು ಬಾವಿಯ ತನಕ ಎಳೆದಿದ್ದರು, ನೆತ್ತಿಯ ಚರ್ಮ ಅಂಗೈಯಗಲ ಕಿತ್ತು ಬಂದಿತ್ತು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದೆ: ಯಾರು, ಎದರಿಂದ, ಎಷ್ಟು ಸಲ, ಗಾಯ ಎಷ್ಟು ಆಳ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ನೋಟ್‌ಬುಕ್ಕಿನಲ್ಲಿ ಗಂಡನಿದ್ದ, ರಿಜಿಸ್ಟರಿನಲ್ಲಿ ಏಣಿಯೇ ಇತ್ತು. ನಿಜವನ್ನು ಪರೀಕ್ಷೆಗೆ ಮಾತ್ರ ಬಳಸಿಕೊಂಡವಳು ನಾನು.

ಎರಡನೆಯ ಪರೀಕ್ಷೆಗೆ ಒಂದು ವಾರವಿತ್ತು. ಆ ದಿನ ಯಾವ ಗಾಯಾಳುವೂ ಬರಲಿಲ್ಲ. ಅಭ್ಯಾಸ ತಪ್ಪಬಾರದೆಂದು ನನ್ನ ಬಗ್ಗೆಯೇ ಒಂದು ಪುಟ ಬರೆದೆ. ರೋಗಿ ಇಪ್ಪತ್ತಾರು ವರ್ಷದ ವಿವಾಹಿತೆ, ಟ್ರಾಕ್ಟರ್ ಬೆಲ್ಟಿನಿಂದ ಗಂಡ ಹೊಡೆದಿದ್ದಾನೆ.

ಗಂಡನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಂತಲೇ ನೋಟ್‌ಬುಕ್ಕನ್ನು ಅಕ್ಕಿ ಡಬ್ಬಿಯ ಪಕ್ಕ ಬಿಟ್ಟಿದ್ದೆ. ಅವನು ಅದನ್ನು ಎತ್ತಿಕೊಂಡು ಚಹಾದ ಹೋಟೆಲಿಗೆ ಹೋಗಿ, ಅಲ್ಲಿದ್ದ ಒಬ್ಬ ಮಾಸ್ತರರಿಗೆ ಕೊಟ್ಟ. ಆ ಪುಣ್ಯಾತ್ಮ ಕೊನೆಯ ಪುಟವನ್ನು ಕನ್ನಡ ಮಾಡಿ ಎಲ್ಲರೆದುರು ಜೋರಾಗಿ ಓದಿದನಂತೆ.

ಮಧ್ಯಾಹ್ನ ನಾನು ಖಾರ ಅರೆಯುತ್ತ ಕೂತಿದ್ದೆ. ಅವನು ಬಂದು ಹಿಂದಿನಿಂದ ಒದ್ದ.

"ಏನ್ ಬರದೀ ಬೇ ನನ್ನ ಮ್ಯಾಲೆ? ಯಾವ ಕೈಲೇ ಬರದೀ?"

ಯಾವ ಕೈ ಎಂದು ಅವನಿಗೆ ಗೊತ್ತಿತ್ತು. ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು, ಅರೆಯುವ ಗುಂಡನ್ನು ಎತ್ತಿ ಹಾಕಿದ. ಒಂದು ಸಲ, ಎರಡು ಸಲ, ಮೂರು ಸಲ. ಎಲುಬಿನ ಸದ್ದು ಕೇಳಿಸಿತು. ಒಡೆದ ಬೆರಳುಗಳಿಗೆ ಮೆಣಸಿನಕಾಯಿ ಹತ್ತಿತು. ನಾನು ಅರಚಿದ್ದು ಓಣಿಗೆಲ್ಲ ಕೇಳಿತು, ಯಾರೂ ಬರಲಿಲ್ಲ. ಅವನನ್ನು ಕೊಲ್ಲಬೇಕು ಅನ್ನಿಸಿತು. ಗುಂಡು ಎತ್ತಲು ಕೈಯಿರಲಿಲ್ಲ, ಅಷ್ಟೇ.

ದೊಡ್ಡ ಸಿಸ್ಟರ್ ಬೆರಳುಗಳಿಗೆ ಪಟ್ಟಿ ಕಟ್ಟಿ, ರಿಜಿಸ್ಟರ್ ಎಳೆದುಕೊಂಡು ನನ್ನ ಮುಖ ನೋಡಿದರು. "ಏಣಿ ಅಂತ ಬರೀಲೇನು?" ಎಂದರು. ಹೂಂ ಅಂದೆ. ಅವ್ವನ ತಮ್ಮನನ್ನು ಜೈಲಿಗೆ ಕಳಿಸುವ ಎದೆ ನನಗಿರಲಿಲ್ಲ. ಅಲ್ಲಿಂದ ಮನೆಗೆ ಹೋಗಲಿಲ್ಲ, ಸಿಸ್ಟರ ಕೋಣೆಯಲ್ಲೇ ಉಳಿದೆ.

ಪರೀಕ್ಷೆಯಲ್ಲಿ ಎಡಗೈಯಿಂದ ನಾಲ್ಕು ಸಾಲು ಗೀಚಿದೆ. ಅದೇ ಡಾಕ್ಟರಮ್ಮ ಬಂದರು. ಕಾಗದ ಪಕ್ಕಕ್ಕಿಟ್ಟು, ಬರೆಯಲಾಗದಿದ್ದರೆ ಬಾಯಲ್ಲೇ ಹೇಳು, ನಿನಗೆ ಗೊತ್ತಿರುವ ಒಬ್ಬ ರೋಗಿಯ ಬಗ್ಗೆ ಹೇಳು ಎಂದರು. ನಾನು ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟೆ. ಯಾರು, ಎದರಿಂದ, ಎಷ್ಟು ಸಲ, ಯಾವ ಎಲುಬು. ನಡುವೆ ಎಲ್ಲೂ ನಿಲ್ಲಲಿಲ್ಲ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: ಈ ರೋಗಿ ಮನೆಗೆ ಮರಳುವುದು ಸುರಕ್ಷಿತವೇ? ಇಲ್ಲ ಅಂದೆ. ಪಾಸಾಯಿತು.

ಮೂರು ತಿಂಗಳ ಮೇಲೆ, ಹೊರಡುವ ದಿನ ರಾಯಚೂರು ಸ್ಟೇಷನ್ನಿನಲ್ಲಿ ಮುಂಬಯಿ ಗಾಡಿಗೆ ಕಾಯುತ್ತಿದ್ದೆ. ಸಿಸ್ಟರ್ ಹೇಳಿ ಕಳಿಸಿದ್ದರೇನೋ, ಅವ್ವ ಬಂದಳು. ನನ್ನ ಬಲಗೈ ಹಿಡಿದು, ಸೊಟ್ಟಗೆ ಕೂಡಿಕೊಂಡ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಏನಾಯಿತೆಂದು ಕೇಳಲೇ ಇಲ್ಲ.

"ಹೊಳ್ಳಿ ಬರಬ್ಯಾಡ ಯವ್ವಾ. ಅಂವ ನಿನ್ನ ಜೀವ ತಗೀತಾನ," ಅಂದಳು.

"ನಿನಗ ಗೊತ್ತಿತ್ತೇನ್ಬೇ ಯವ್ವಾ?"

"ಸಣ್ಣಾಂವ ಇದ್ದಾಗಿಂದ ಅಂವ ಹಂಗ. ನನ್ನ ಹಲ್ಲ ಮುರದಾಂವ ಅಂವನ. ಮದುವಿಯಾದ್ರ ಸುಮ್ಮಗ ಆಗ್ತಾನ ಅಂದ್ಕೊಂಡೆ."

ಗಾಡಿ ಬಂತು. ಅವ್ವ ಅಳುತ್ತಿದ್ದಳು. ನಾನು ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಡಬ್ಬಿ ಹತ್ತಿದೆ. ಅವ್ವ ನಿಂತಿದ್ದ ಬದಿಯ ಕಿಟಕಿಯ ಹತ್ತಿರ ಜಾಗ ಖಾಲಿಯಿತ್ತು. ಆಚೆ ಬದಿಯಲ್ಲಿ ಕೂತೆ.