ಅಕ್ಕನ ಮೂಳೆ ನೋಡಿದ ದಿನ

ಮಕ್ಕಳೇ, ನಿಮ್ಮ ಅಕ್ಕ ದಿನ ತುಂಬುವ ಮೊದಲೇ ಹುಟ್ಟಿದಳು. ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಆಗ ನನ್ನ ಹೊಟ್ಟೆಯಲ್ಲಿದ್ದುದು ಚಿಂತೆಯೊಂದೇ ಅಲ್ಲ, ಕಿಚ್ಚೂ ಇತ್ತು. ಲೋಧಿ ಕಾಲೋನಿಯ ನಿಮ್ಮ ಅಜ್ಜಿ, ಅಂದರೆ ನನ್ನ ಬೀಗಿತ್ತಿ, ಡಾಕ್ಟರ ಜೊತೆ ಸರಾಗವಾಗಿ ಹಿಂದಿ ಆಡುತ್ತಿದ್ದರು. ಹಳ್ಳಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಾನು ಹಿಂದಿ ಬಾರದೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಅವರ ಕೈತುಂಬ ಹಸಿರು ಗಾಜಿನ ಬಳೆ. ಅದರ ಸದ್ದು ಕೇಳಿದರೂ ನನಗೆ ಸಂಕಟ. ಬಾಣಂತನವೂ ತವರಿನದೇ. ಊರಲ್ಲಿ ಕೇರಿಯ ಕೂಸುಗಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ನಾನು. ನನ್ನ ಮೊಮ್ಮಗಳಿಗೆ ಎರೆಯುವವರು ಅವರು.

ಆದರೆ ಮೂಳೆ ಗಟ್ಟಿಯಾಗುವವರೆಗೆ ಯಾರೂ ಎಣ್ಣೆ ತಿಕ್ಕಬಾರದು, ಕೈಕಾಲು ಎಳೆಯಬಾರದು ಎಂದರು ಡಾಕ್ಟರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ಸಿಗುವ ಸುಣ್ಣದ ಅಂಶ ಅವಳಿಗೆ ಸಿಕ್ಕಿರಲಿಲ್ಲ. ರಕ್ತ ಪರೀಕ್ಷೆ ಮಾಡಿದ ಮೇಲೂ ಅನುಮಾನ ಉಳಿಯಿತು. ಎಕ್ಸ್-ರೇಯಲ್ಲಿ ಮೂಳೆ ಬಹಳ ಕ್ಷೀಣಿಸಿದ ಮೇಲಷ್ಟೇ ಗೊತ್ತಾಗುತ್ತದಂತೆ. ಅದಕ್ಕೇ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಪುಟ್ಟ ಯಂತ್ರವಿಟ್ಟು ಶಬ್ದ ಹಾಯಿಸಿ ನೋಡುವುದು. ಗಟ್ಟಿ ಮೂಳೆಯಲ್ಲಿ ಶಬ್ದ ಬೇಗ ಓಡುತ್ತದೆ. ಇದನ್ನೆಲ್ಲ ನಿಮ್ಮ ಅಪ್ಪ ನನಗೆ ಬಿಡಿಸಿ ಹೇಳಿದ.

ಆ ದಿನ ನಿಮ್ಮ ಅಮ್ಮನಿಗೆ ಜ್ವರ. ಮಗುವನ್ನು ಹಿಡಿಯಲು ಮನೆಯ ಹೆಂಗಸರೊಬ್ಬರು ಬರಲಿ ಎಂದು ನರ್ಸ್ ಕರೆದಳು. ಬೀಗಿತ್ತಿ ಆಗಲೇ ಎದ್ದಿದ್ದರು.

"ಆಂಟಿಜೀ, ಚೂಡಿಯಾಂ ಉತಾರ್ ದೀಜಿಯೇ." ಬಳೆ ತೆಗೆದು ಮೊಣಕೈವರೆಗೆ ತೊಳೆಯಬೇಕಿತ್ತು.

"ನಮ್ಮನೆಯವರು ಇರೋವಾಗ ಬರಿಗೈ ಮಾಡ್ಕೊಳ್ಳೋದು ಹೇಗೆ?" ಎಂದರು ಬೀಗಿತ್ತಿ.

"ಅತ್ತೆ, ಐದೇ ನಿಮಿಷ," ಎಂದ ನಿಮ್ಮ ಅಪ್ಪ.

"ಐದು ನಿಮಿಷದ ಮಾತಲ್ಲಪ್ಪ ಇದು."

ನರ್ಸ್ ನನ್ನ ಕೈ ನೋಡಿದಳು; ನಿಮ್ಮ ತಾತ ಹೋದಾಗಿನಿಂದ ಅದರಲ್ಲಿ ಬಳೆಯಿಲ್ಲ. ನನ್ನನ್ನೇ ಕರೆದಳು: "ಅಮ್ಮಾಜೀ, ಆಪ್ ಆಯಿಯೇ."

ಅಕ್ಕನ ಕಾಲು ನನ್ನ ಬೆರಳಿನಷ್ಟಿತ್ತು. ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡೆ, ಎಳೆಯಲಿಲ್ಲ, ಒತ್ತಲಿಲ್ಲ. ಲೋಳೆಯಂಥದ್ದೇನೋ ಹಚ್ಚಿ ಯಂತ್ರ ಆಡಿಸಿದರು. ಅವಳು ಅಳಲಿಲ್ಲ. ಡಾಕ್ಟರು ಪರದೆ ನೋಡಿ "ಅಚ್ಛಾ ಹೈ" ಎಂದರು. ಅಷ್ಟು ಹಿಂದಿ ನನಗೂ ಬರುತ್ತದೆ.

ಬೀಗಿತ್ತಿ ಬಾಗಿಲಲ್ಲೇ ಕಾಯುತ್ತಿದ್ದರು. ಮೂಳೆ ಪರವಾಗಿಲ್ಲವಂತೆ ಎಂದೆ. ಅವರು ದೇವರಿಗೆ ಕೈಮುಗಿದರು. ಆಮೇಲೆ, "ನಿಮಗೇನ್ರೀ, ಹಾಗೇ ಒಳಗೆ ಹೋಗ್ಬಿಟ್ರಿ," ಎಂದರು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಬರಿಗೈ ಮೇಲಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅವರ ಬಳೆಯನ್ನು ನಾನು ನೋಡುತ್ತಿದ್ದುದೂ ಹಾಗೆಯೇ.

ಮುಂದೆ ಅಕ್ಕನಿಗೆ ನೀರೆರೆದವರು ಅವರೇ. ನನಗೆ ಈಗಲೂ ಹೊಟ್ಟೆಕಿಚ್ಚು. ಆದರೆ ನಮ್ಮಿಬ್ಬರಲ್ಲಿ ಆ ಕಾಲನ್ನು ಮೊದಲು ಹಿಡಿದವಳು ನಾನು. ಅವರೂ ಅದನ್ನು ಮರೆತಿಲ್ಲ.