ಪೊಲಿಕ್ಸೆನಿಯ ಪಕ್ಷದವರು

ನಮ್ಮ ಚಿಕ್ಕಮ್ಮ ಪೊಲಿಕ್ಸೆನಿ ಅರ್ಕಾಡಿಯಾದ ನಮ್ಮ ಬೆಟ್ಟದೂರಿನಲ್ಲಿ ಸಂಪ್ರದಾಯವಾದಿ ಪಕ್ಷದ ಕಚೇರಿಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡಳು. ಹೊರಗಿನವರಿಗೆ ಅದು ಒಂದೇ ಪಕ್ಷ. ಒಳಗೆ ಹೊಕ್ಕರೆ ಮೂರು ಒಲೆ. ಚರ್ಚಿನಲ್ಲಿ ಸ್ತೋತ್ರ ಹಾಡುವ ಲಾಂಬ್ರೋಸನ ಕಡೆಯವರಿಗೆ ಧರ್ಮ, ಸಂಸಾರ ದೊಡ್ಡದು. ಕಬ್ಬಿಣದಂಗಡಿಯ ಥಿಮಿಯೋಸನಂಥವರಿಗೆ ತೆರಿಗೆ ಇಳಿದರೆ ಸಾಕು. ನಿವೃತ್ತ ಮೇಷ್ಟ್ರು ಅನಾರ್ಗಿರೋಸರಂತೂ ದೇಶಬಿಟ್ಟುಹೋದ ರಾಜನ ಪಟವನ್ನು ಇಂದಿಗೂ ದಿನಾ ಒರೆಸುವವರು. ಮೂವರಿಗೂ ಕಾಫಿ ಕಾಸಿ ಕೊಟ್ಟು, ಚುನಾವಣೆಯ ದಿನ ಒಟ್ಟಿಗೆ ಹೊರಡಿಸುವುದೇ ಚಿಕ್ಕಮ್ಮನ ಕೆಲಸ.

ಒಂದು ಚುನಾವಣೆಯಲ್ಲಿ ಮೇಯರ್ ಸ್ಥಾನಕ್ಕೆ ಪಕ್ಷ ಒಬ್ಬ ಹೋಟೆಲ್ ಒಡತಿಯನ್ನು ನಿಲ್ಲಿಸಿತು.

"ಎರಡು ಸಲ ಗಂಡನ್ನ ಬಿಟ್ಟೋಳಿಗೆ ನಾನು ಓಟು ಹಾಕ್ಬೇಕಾ?" ಎಂದ ಲಾಂಬ್ರೋಸ್.

"ಅವಳೇನು ನಿನ್ನ ಮದ್ವೆ ಆಗ್ತೀನಿ ಅಂದ್ಲಾ? ಲೆಕ್ಕ ಗೊತ್ತಿರೋ ಹೆಂಗಸು, ಸಾಕಲ್ಲ!" ಎಂದ ಥಿಮಿಯೋಸ್.

"ರಾಜ ಇದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ," ಎಂದರು ಮೇಷ್ಟ್ರು. ಲಾಂಬ್ರೋಸ್ ಎದ್ದು ಹೊರಟೇಬಿಟ್ಟ.

ಅದೇ ವಾರ ಬಡಗಿ ಕೆಲಸದ ನಮ್ಮ ಚಿಕ್ಕಪ್ಪ ಸ್ತ್ರಾಟೋಸನಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಆರು ಬಾಟಲಿ ರಕ್ತ ಹೊಂದಿಸಿ ಎಂದರು ಡಾಕ್ಟರು. ಜಗಳವಾಡಿಕೊಂಡವರನ್ನು ಯಾವ ಬಾಯಿಂದ ಕೇಳುವುದೆಂದು ಚಿಕ್ಕಮ್ಮ ಹಿಂಜರಿದಳು. ಕೊನೆಗೆ ಮೂವರಿಗೂ ನಾನೇ ಫೋನ್ ಮಾಡಿದೆ.

ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಒಂಬತ್ತು ಜನ ಸೇರಿದ್ದರು. ಲಾಂಬ್ರೋಸ್ ಚರ್ಚಿನ ನಾಲ್ವರನ್ನು ಕರೆತಂದಿದ್ದ. ಥಿಮಿಯೋಸ್ ಅಂಗಡಿಗೆ ಬೀಗ ಹಾಕಿ, ಇಬ್ಬರು ವ್ಯಾಪಾರಿಗಳೊಂದಿಗೆ ಬಂದಿದ್ದ. ಅಂಗಿಯ ತೋಳು ಮಡಚಿ ಮುಂದೆ ನಿಂತಿದ್ದ ಮೇಷ್ಟ್ರನ್ನು ನರ್ಸ್ ತಡೆದಳು.

"ಎಪ್ಪತ್ತೆಂಟು ವರ್ಷ ಆಯ್ತಲ್ಲ ತಾತ, ನಿಮ್ಮಿಂದ ತಗೊಳ್ಳೋ ಹಾಗಿಲ್ಲ."

"ಇದು ರಾಜನಿಗೆ ನಿಷ್ಠೆಯಿರೋ ರಕ್ತ ಕಣಮ್ಮ!"

"ಅದಕ್ಕೇ ಬೇಡ ಅಂದಿದ್ದು ಮೇಷ್ಟ್ರೇ, ಹಳೇ ಸರಕು!" ಎಂದ ಥಿಮಿಯೋಸ್. ಲಾಂಬ್ರೋಸ್ ನಕ್ಕುಬಿಟ್ಟ. ಚಿಕ್ಕಮ್ಮ ಮಾತ್ರ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ಚಿಕ್ಕಪ್ಪ ಉಳಿದುಕೊಂಡ. ಚುನಾವಣೆಯಲ್ಲಿ ಪಕ್ಷ ನಲವತ್ತೊಂದು ಮತಗಳಿಂದ ಸೋತಿತು. ಮುಂದಿನ ಭಾನುವಾರ ಚಿಕ್ಕಮ್ಮ ಕುರಿಮಾಂಸ, ಆಲೂಗಡ್ಡೆ ಬೇಯಿಸಿ ಎಲ್ಲರನ್ನೂ ಊಟಕ್ಕೆ ಕರೆದಳು.

ಲಾಂಬ್ರೋಸ್ ತಟ್ಟೆ ಮುಟ್ಟಲಿಲ್ಲ. "ನಾನು ಓಟಿನ ಪೆಟ್ಟಿಗೇಲಿ ಖಾಲಿ ಚೀಟಿ ಹಾಕ್ದೆ ಅಕ್ಕ. ನಮ್ಮೋರೆಲ್ಲ ಹಾಗೇ ಮಾಡಿದ್ರು. ಹೇಳದೆ ಊಟ ಮಾಡಕ್ಕೆ ಮನಸ್ಸು ಬರ್ಲಿಲ್ಲ."

"ಗೊತ್ತು ಕಣೋ. ನಿನಗೆ ಸರಿ ಕಂಡಿದ್ದು ನೀನು ಮಾಡ್ದೆ," ಎಂದಳು ಚಿಕ್ಕಮ್ಮ. "ನನ್ನ ಗಂಡ ಇವತ್ತು ಈ ಮೇಜಿನ ಹತ್ರ ಕೂತಿದಾನೆ. ನಿಮ್ಮೆಲ್ಲರ ಋಣ ಅದು. ಆರೋಗುತ್ತೆ, ತಿನ್ನು."

ಥಿಮಿಯೋಸ್ ಬ್ರೆಡ್ಡಿನ ಬುಟ್ಟಿಯನ್ನು ಅವನತ್ತ ಸರಿಸಿದ.